ದಂತ ಭಾಗ್ಯ: ಸೆಟ್ ಉಚಿತ, ಓಡಾಟ ದುಬಾರಿ

ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ದಂತ ಭಾಗ್ಯ ಯೋಜನೆ, ಹಲ್ಲೆಲ್ಲ ಉದುರಿದ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡುತ್ತದೆ. ಮೊದಲು 60 ದಾಟಿದವರಿಗಷ್ಟೇ ಇದ್ದ ವಯೋಮಿತಿಯನ್ನು ಮುಂದೆ 45ಕ್ಕೆ ಇಳಿಸಲಾಯಿತು. ಸೆಟ್ ತಯಾರಾಗುವುದು ದಂತ ವೈದ್ಯಕೀಯ ಕಾಲೇಜುಗಳಲ್ಲಿ. ಯೋಜನೆಯ ಜಾಣತನವೂ ಇಲ್ಲೇ ಇದೆ. ಕುರ್ಚಿ, ಲ್ಯಾಬ್, ಅಧ್ಯಾಪಕರು ಅಲ್ಲಿ ಮೊದಲೇ ಇದ್ದಾರೆ. ಕಲಿಯುವ ವಿದ್ಯಾರ್ಥಿಗಳಿಗೆ ರೋಗಿಗಳೂ ಬೇಕು. ಹೊಸ ಆಸ್ಪತ್ರೆ ಕಟ್ಟದೆಯೇ ಕೆಲಸ ಸಾಗುತ್ತದೆ.

ಕಾಲೇಜು ಇರುವ ಊರಿನವರಿಗೆ ಇದು ನಿಜಕ್ಕೂ ಭಾಗ್ಯ. ಮೈಲಾರಲಿಂಗನ ಸೀಮೆಯ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಲೆಕ್ಕ ಬೇರೆ. ಇಲ್ಲಿಯವರು ದಾವಣಗೆರೆಗೋ ಬಳ್ಳಾರಿಗೋ ಹೋಗಬೇಕು. ಹರಪನಹಳ್ಳಿಗೆ ದಾವಣಗೆರೆ ಹತ್ತಿರ. ಕೂಡ್ಲಿಗಿಯವರಿಗೆ ಯಾವ ಕಡೆ ಹೋದರೂ ದೂರದ ದಾರಿ. ಅದೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಮೊದಲ ದಿನ ಬಾಯಿ ನೋಡಿ ಅಚ್ಚು ತೆಗೆಯುತ್ತಾರೆ. ಎರಡನೆಯ ಸಲ ಇನ್ನೂ ನಿಖರವಾದ ಅಚ್ಚು. ಮೂರನೆಯ ಸಲ ಮೇಣದ ಪಟ್ಟಿ ಕಚ್ಚಿಸಿ ಮೇಲ್ದವಡೆ, ಕೆಳದವಡೆಗಳ ಅಂತರ ಗುರುತಿಸುತ್ತಾರೆ. ನಾಲ್ಕನೆಯ ಸಲ ಮೇಣದಲ್ಲಿ ಕೂರಿಸಿದ ಹಲ್ಲುಗಳನ್ನು ಬಾಯಿಗಿಟ್ಟು ನೋಡುವುದು. ಐದನೆಯದಕ್ಕೆ ಸೆಟ್ ಕೈಗೆ ಬರುತ್ತದೆ. ಮುರಿದ ಬೇರು ಉಳಿದಿದ್ದರೆ ಮೊದಲು ಅದನ್ನು ಕೀಳಿಸಿ, ವಸಡು ಮಾಯುವವರೆಗೆ ವಾರಗಟ್ಟಲೆ ಕಾಯಬೇಕು. ಹೊಸ ಸೆಟ್ ಒತ್ತಿ ಹುಣ್ಣಾದರೆ ಉಜ್ಜಿಸಿಕೊಳ್ಳಲು ಮತ್ತೊಂದು ಓಡಾಟ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ. ಅಜ್ಜನಿಗೆ ಟಿಕೆಟ್ ತಪ್ಪದು. ಜೊತೆಗೆ ಬಂದ ಮಗನ ಕೂಲಿಯೂ ಆ ದಿನ ಹೋಯಿತು. ಉಚಿತ ಎಂಬುದರ ಬೆಲೆ ಕಟ್ಟುವಾಗ ಯೋಜನೆ ಇದನ್ನು ಹಿಡಿದಿಲ್ಲ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರೇ ಅಚ್ಚು ತೆಗೆದು ಕಾಲೇಜಿನ ಲ್ಯಾಬಿಗೆ ಕಳಿಸುವ ಏರ್ಪಾಡಾದರೆ ಅರ್ಧಕ್ಕರ್ಧ ಓಡಾಟ ತಪ್ಪುತ್ತದೆ.

ಅಳತೆಗೋಲಿನದು ಇನ್ನೊಂದು ತೊಡಕು. ಎಷ್ಟು ಸೆಟ್ ಕೊಟ್ಟರು ಎಂದು ಎಣಿಸುವುದು ಸುಲಭ. ಆರು ತಿಂಗಳಾದ ಮೇಲೆ ಎಷ್ಟು ಜನ ಅದನ್ನು ಹಾಕಿಕೊಂಡು ಜೋಳದ ರೊಟ್ಟಿ ಅಗಿಯುತ್ತಿದ್ದಾರೆ ಎಂಬುದೇ ಕೇಳಬೇಕಾದ ಪ್ರಶ್ನೆ. ದವಡೆಯ ಮೂಳೆ ಸವೆದಂತೆ ಸೆಟ್ ಸಡಿಲಾಗುತ್ತದೆ. ಸಡಿಲಾದದ್ದನ್ನು ಸರಿಮಾಡಿಸಿಕೊಳ್ಳಲಾಗದವರು ಅದನ್ನು ಡಬ್ಬಿಯಲ್ಲಿಟ್ಟು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದಕ್ಕೆ ಮರಳುತ್ತಾರೆ.

ಯೋಜನೆ ಕೈಹಾಕುವುದು ಹಲ್ಲೆಲ್ಲ ಹೋದ ಮೇಲೆ. ಹುಳುಕು ಸಣ್ಣದಿರುವಾಗಲೇ ಅಡ್ಡಗಟ್ಟುವ ಅಗ್ಗದ ವಿಧಾನ ಬಹಳ ಹಿಂದೆಯೇ ಬಂದಿದೆ. 1980ರ ದಶಕದ ಮಧ್ಯದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡ ಈ ಕ್ರಮಕ್ಕೆ ಕರೆಂಟೂ ಬೇಡ, ಡ್ರಿಲ್ ಯಂತ್ರವೂ ಬೇಡ. ಕೈಸಲಕರಣೆಯಿಂದ ಹುಳುಕನ್ನು ಕೆರೆದು ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸಿಮೆಂಟನ್ನೂ ಫ್ಲೋರೈಡ್ ಟೂತ್‌ಪೇಸ್ಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಕೂಡ್ಲಿಗಿ, ಹರಪನಹಳ್ಳಿಗಳ ತಾಂಡಾ ಶಾಲೆಗಳಿಗೆ ಹೇಳಿ ಮಾಡಿಸಿದಂತಿರುವ ಕ್ರಮವಿದು.

ಪೇಸ್ಟಿನಲ್ಲಿ ಒಳ್ಳೆಯದಾದ ಅದೇ ಫ್ಲೋರೈಡ್ ಈ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಅತಿಯಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ. ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5ರ ತನಕ ಭಾರತೀಯ ಮಾನಕ ಒಪ್ಪುತ್ತದೆ. ಹಲ್ಲಿನ ಹೊರಕವಚ ರೂಪುಗೊಳ್ಳುವ ಎಂಟು ವರ್ಷದೊಳಗೆ ಅತಿ ಫ್ಲೋರೈಡಿನ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ತುಂಗಭದ್ರೆ ಹರಿಯುವುದು ಮೈಲಾರದ ಮಗ್ಗುಲಲ್ಲೇ. ಹೊಳೆಯಿಂದ ದೂರವಿರುವ ಹಳ್ಳಿಗಳಿಗೆ ಬೋರ್‌ವೆಲ್ಲೇ ಗತಿ. ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತರೆ ಜನ ಮತ್ತೆ ಅದೇ ನೀರು ಹಿಡಿಯುತ್ತಾರೆ. ಘಟಕದ ದುರಸ್ತಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಪಾಲಿನದು, ಹಲ್ಲು ಆರೋಗ್ಯ ಇಲಾಖೆಯ ಪಾಲಿನದು; ದಂತ ಭಾಗ್ಯದ ಕಡತದಲ್ಲಿ ನೀರಿನ ಮಾತಿಲ್ಲ.