ಏಕಮಾನವಿಲ್ಲದ ‘ಪಾಸಿಟಿವ್’

ನಂಜನಗೂಡಿನ ಅಧ್ಯಾಪಕ ಮಿತ್ರರೊಬ್ಬರು ಮಗಳ ರಕ್ತಪರೀಕ್ಷೆಯ ವರದಿ ಹಿಡಿದು ಗಾಬರಿಯಿಂದ ಬಂದರು. ತಿ. ನರಸೀಪುರದ ಖಾಸಗಿ ಪ್ರಯೋಗಾಲಯವೊಂದು ಕೊಟ್ಟಿದ್ದ ಹಾಳೆಯಲ್ಲಿ ‘ಹೆಪಟೈಟಿಸ್-ಬಿ: ಪಾಸಿಟಿವ್’ ಎಂದಷ್ಟೇ ಇತ್ತು. ಹುಡುಗಿ ನರ್ಸಿಂಗ್ ಸೇರುವವಳು. ಮೂರು ಡೋಸ್ ಲಸಿಕೆ ಆಗಲೇ ಮುಗಿದಿತ್ತು. ಫೋನ್ ಮಾಡಿ ವಿಚಾರಿಸಿದಾಗ ತಿಳಿಯಿತು: ಅವರು ಪರೀಕ್ಷಿಸಿದ್ದು ಪ್ರತಿಜನಕವನ್ನಲ್ಲ, ಪ್ರತಿಕಾಯವನ್ನು. ಲಸಿಕೆ ಫಲಿಸಿದ ಸುದ್ದಿ ರೋಗದ ಸುದ್ದಿಯಾಗಿ ಮನೆ ಸೇರಿತ್ತು.

ವೈರಸಿನ ಹೊರಪದರದ ಪ್ರತಿಜನಕ, ಅಂದರೆ ಎಚ್‌ಬಿಎಸ್‌ಎಜಿ, ರಕ್ತದಲ್ಲಿ ಕಂಡರೆ ಸಾಮಾನ್ಯವಾಗಿ ಸೋಂಕು ಇದೆ ಎಂದರ್ಥ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ, ಆಂಟಿ-ಎಚ್‌ಬಿಎಸ್, ಕಂಡರೆ ರಕ್ಷಣೆ ಇದೆ ಎಂದರ್ಥ. ಆ ರಕ್ಷಣೆ ಲಸಿಕೆಯಿಂದ ಬಂದದ್ದೋ, ಸೋಂಕು ವಾಸಿಯಾಗಿ ಬಂದದ್ದೋ? ಇದಕ್ಕೆ ಆಂಟಿ-ಎಚ್‌ಬಿಸಿ ಪರೀಕ್ಷೆ ಬೇಕು. ಲಸಿಕೆಯಲ್ಲಿ ವೈರಸಿನ ಒಳತಿರುಳಿನ ಪ್ರೋಟೀನು ಇಲ್ಲವಾದ್ದರಿಂದ, ಈ ಪ್ರತಿಕಾಯ ಸೋಂಕು ತಗಲಿದವರಲ್ಲಿ ಮಾತ್ರ ಹುಟ್ಟುತ್ತದೆ.

ಭೌತವಿಜ್ಞಾನದವನಿಗೆ ಇಲ್ಲೇನು ಕೆಲಸ ಎನ್ನುವಿರೇನೋ. ಇಂಥ ಸೂಕ್ಷ್ಮ ಅಳತೆಗೆ ದಾರಿ ಮಾಡಿದ ವಿಕಿರಣ-ಪ್ರತಿರಕ್ಷಾ ವಿಧಾನಕ್ಕಾಗಿ 1977ರಲ್ಲಿ ನೊಬೆಲ್ ಪಡೆದ ರೋಸಲಿನ್ ಯಾಲೋ ಭೌತವಿಜ್ಞಾನಿಯೇ. 1971ರಲ್ಲಿ ಬಂದ ಎಲೈಸಾದಲ್ಲಿ ವಿಕಿರಣದ ಬದಲು ಕಿಣ್ವ ಬಣ್ಣ ಹುಟ್ಟಿಸುತ್ತದೆ. ಸಾಮಾನ್ಯವಾಗಿ ಬಳಸುವ ಹಳದಿ ಬಣ್ಣದ ದ್ರಾವಣದ ಮೂಲಕ 450 ನ್ಯಾನೋಮೀಟರ್ ಬೆಳಕು ಹಾಯಿಸಿ, ಎಷ್ಟು ಹೀರಿಕೆಯಾಯಿತೆಂದು ನೋಡುತ್ತಾರೆ. ಹೀರಿಕೆ 1 ಎಂದರೆ ಬೆಳಕಿನ ಹತ್ತನೇ ಒಂದು ಪಾಲು ಮಾತ್ರ ದಾಟಿದೆ. ಗೊತ್ತಿರುವ ಮಾದರಿಗಳ ರೇಖೆಗೆ ಹೋಲಿಸಿ ಇದನ್ನು ಪ್ರತಿ ಮಿಲಿಲೀಟರಿಗೆ ಇಷ್ಟು ಮಿಲಿ ಅಂತರರಾಷ್ಟ್ರೀಯ ಏಕಮಾನ ಎಂದು ಹೇಳಬಹುದು. ಇಷ್ಟೆಲ್ಲ ಅಳೆದು ಕೊನೆಗೆ ‘ಪಾಸಿಟಿವ್’ ಎಂದು ಬರೆಯುವುದೆ? ಏಕಮಾನ ಬಿಟ್ಟ ಉತ್ತರಕ್ಕೆ ನಾವು ಪಿಯುಸಿಯಲ್ಲೇ ಅಂಕ ಕಳೆಯುತ್ತೇವೆ.

ಸಂಖ್ಯೆ ಕೊಟ್ಟರೂ ಓದುವವರು ಎಡವಬಹುದು. ಲಸಿಕೆಯ ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ 10 ಅಥವಾ ಹೆಚ್ಚು ಇದ್ದರೆ ರಕ್ಷಣೆ ಸಿಕ್ಕಿದೆ ಎನ್ನುತ್ತಾರೆ. 9 ಮತ್ತು 11ರ ನಡುವಿನ ಅಂತರ ಅಳತೆಯ ದೋಷದೊಳಗೇ ಅಡಗಿರಬಹುದು. ವರ್ಷಗಳು ಕಳೆದಂತೆ ಈ ಸಂಖ್ಯೆ ಇಳಿಯುತ್ತದೆ. ಆದರೂ ಆರೋಗ್ಯವಂತರಲ್ಲಿ ಪ್ರತಿರಕ್ಷೆಯ ಸ್ಮರಣೆ ಉಳಿದಿರುತ್ತದೆ. 2011ರಿಂದ ಈ ಶಿಶು ಲಸಿಕೆ ದೇಶದಾದ್ಯಂತ ವಿಸ್ತರಣೆಯಾಯಿತು. ಆಗ ಹುಟ್ಟಿದವರು ಈಗ ನಿಮ್ಮ ಪ್ರೌಢಶಾಲೆ, ಕಾಲೇಜುಗಳಲ್ಲಿದ್ದಾರೆ. ಅವರಲ್ಲಿ ಕೆಲವರ ವರದಿಗಳಲ್ಲಿ ನಾಳೆ ‘ನೆಗೆಟಿವ್’ ಎಂದು ಬಂದಾಗ ಗಾಬರಿ ತಿರುಗುಮುರುಗಾದೀತು.

ಮಿತ್ರರು ಹೊಸ ಹಾಳೆ ಕೇಳಿ ಪಡೆದರು. ಅದರಲ್ಲಿ ಪರೀಕ್ಷೆಯ ಪೂರ್ಣ ಹೆಸರು, ಸಂಖ್ಯೆ, ಏಕಮಾನ ಮೂರೂ ಇದ್ದವು. ಓದಲು ಅರ್ಧ ನಿಮಿಷ ಸಾಕಾಯಿತು.