ಪ್ರಶಸ್ತಿಯೂ ಪ್ರಮಾಣವೂ: ಸ್ತನಾರ್ಬುದದ ಶಸ್ತ್ರಚಿಕಿತ್ಸೆಯ ತರುವಾಯದ ನಾಟಿಮದ್ದನ್ನು ಕುರಿತು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸ್ತನಾರ್ಬುದಕ್ಕೆ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದ ಸ್ತ್ರೀಯರು ತರುವಾಯ ನಾಟಿವೈದ್ಯರ ಕಷಾಯ, ಚೂರ್ಣ, ತೊಗಟೆಗಳನ್ನು ಸೇವಿಸುವುದುಂಟು. ನೆರೆಯ ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ನಿಧನರಾದ ವೈದ್ಯ ನಾರಾಯಣಮೂರ್ತಿಯವರ ಮನೆಯ ಮುಂದೆ ದೇಶದ ನಾನಾ ಕಡೆಗಳಿಂದ ಬಂದ ಕ್ಯಾನ್ಸರ್ ರೋಗಿಗಳು ಸಾಲುಗಟ್ಟುತ್ತಿದ್ದುದನ್ನು ಈ ಸೀಮೆಯವರೆಲ್ಲ ಬಲ್ಲರು. ಗುಣವಾದವರ ಹೇಳಿಕೆಗಳು ಬಾಯಿಂದ ಬಾಯಿಗೆ ಹಬ್ಬಿವೆ. ನಾವು ವೈದ್ಯರಲ್ಲ, ಚರಿತ್ರೆಯ ಅಧ್ಯಾಪಕರು. ಈ ಹೇಳಿಕೆಗಳನ್ನು ಆಧಾರಸಾಮಗ್ರಿಯೆಂದು ಬಗೆದು ವಿಮರ್ಶಿಸುವುದಷ್ಟೇ ಪ್ರಕೃತ ಲೇಖನದ ಉದ್ದೇಶ.

ಬನವಾಸಿಯ ಸೀಮೆಯಲ್ಲಿ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ವಿದಿತವೇ ಇದೆ: ಪ್ರಶಸ್ತಿಯಲ್ಲಿ ಅರಸನು ಸೋಲುವುದಿಲ್ಲ. ಗುಣಹೊಂದಿದವರ ಕಥನವೂ ಅಂಥದೇ ಪ್ರಶಸ್ತಿ. ಅದು ಸುಳ್ಳೆಂಬುದು ನಮ್ಮ ಅಭಿಪ್ರಾಯವಲ್ಲ, ಅಪೂರ್ಣವೆಂಬುದು. ಮದ್ದು ಸೇವಿಸಿಯೂ ತೀರಿಕೊಂಡವಳು ಹೇಳಿಕೆ ಕೊಡಲು ಉಳಿದಿಲ್ಲ, ಅವಳ ಮನೆಯವರನ್ನು ಕೇಳಿದವರಿಲ್ಲ. ಇದಕ್ಕಿಂತ ದೊಡ್ಡ ತೊಡಕು ಶಸ್ತ್ರಚಿಕಿತ್ಸೆಯದು. ಗೆಡ್ಡೆಯನ್ನು ತೆಗೆದ ಬಳಿಕ ಅನೇಕರಲ್ಲಿ ರೋಗವು ಮರುಕಳಿಸುವುದೇ ಇಲ್ಲ. ಅಂಥವಳೊಬ್ಬಳು ಹತ್ತು ವರ್ಷ ಕಷಾಯ ಕುಡಿದು ಸುಖವಾಗಿದ್ದರೆ, ಕೀರ್ತಿ ಸಲ್ಲಬೇಕಾದುದು ಕತ್ತಿಗೋ ಕಷಾಯಕ್ಕೋ? ಕುಡಿಯದವರ ಗುಂಪೊಂದನ್ನು ಜೊತೆಗಿಟ್ಟು, ಯಾರು ಯಾವ ಗುಂಪಿಗೆಂಬುದನ್ನು ಚೀಟಿಯೆತ್ತಿ ನಿರ್ಣಯಿಸಿ, ವರ್ಷಗಟ್ಟಲೆ ಲೆಕ್ಕವಿಟ್ಟಲ್ಲದೆ ಇದಕ್ಕೆ ಉತ್ತರ ದೊರೆಯದು.

ಚೀನದವರು ತಮ್ಮ ಪಾರಂಪರಿಕ ಮದ್ದುಗಳನ್ನು ಈ ಕ್ರಮದಿಂದ ಪರೀಕ್ಷಿಸಲು ಯತ್ನಿಸಿದ್ದಾರೆ. ಸ್ತನಾರ್ಬುದದ ರೋಗಿಗಳಲ್ಲಿ ಕೀಮೋಥೆರಪಿಯ ಉಪದ್ರವಗಳಿಗೆ ಚೀನೀ ಮೂಲಿಕೆ ಕೊಟ್ಟ ಪ್ರಯೋಗಗಳನ್ನು 2007ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಶೋಧಿಸಿದಾಗ ಒರೆಗಲ್ಲಿಗೆ ನಿಂತವು ಏಳು; ರೋಗಿಗಳು ಒಟ್ಟು 542. ಉಪಕಾರವಾಗಿರಬಹುದು, ಆಧಾರ ಸಾಲದು ಎಂದು ಅವರ ತೀರ್ಮಾನ. ನಾವು ಹಿರೇಮದ್ದು ಎನ್ನುವ ಅಶ್ವಗಂಧವನ್ನು ಕುರಿತು 2013ರಲ್ಲಿ ಮಲೇಶಿಯದಿಂದ ಪ್ರಕಟವಾದ ನೂರು ಸ್ತ್ರೀಯರ ಅಧ್ಯಯನವು ಆಯಾಸ ತಗ್ಗಿತೆನ್ನುತ್ತದೆ. ಆದರೆ ಅಲ್ಲಿ ಚೀಟಿಯೆತ್ತಿರಲಿಲ್ಲ.

ಮದ್ದಿನಿಂದ ಗುಣವಾಗದಿದ್ದರೂ ಕೇಡೇನು ಎನ್ನುವವರುಂಟು. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನಾರ್ಬುದದಲ್ಲಿ ಐದು ವರ್ಷ ಸೇವಿಸಿದ ಟ್ಯಾಮಾಕ್ಸಿಫೆನ್ ಮಾತ್ರೆಯು ಆ ರೋಗದ ಮರಣವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸುತ್ತದೆಂದು ಸಾವಿರಾರು ಸ್ತ್ರೀಯರ ಪರೀಕ್ಷೆಯಿಂದ ಸಿದ್ಧವಾಗಿದೆ. ಅರಿಶಿನದ ಸಾರವಾದ ಕರ್ಕ್ಯುಮಿನ್ನನ್ನು ಕಾಳುಮೆಣಸಿನ ಸಾರದೊಡನೆ ಸೇವಿಸಿದರೆ, ಈ ಮಾತ್ರೆಯು ದೇಹದಲ್ಲಿ ತಾಳುವ ಕ್ರಿಯಾಶೀಲ ರೂಪವು ನೂರಕ್ಕೆ ಸುಮಾರು 12ರಷ್ಟು ಕುಗ್ಗುತ್ತದೆಂದು 2019ರಲ್ಲಿ ರಾಟರ್‌ಡ್ಯಾಮಿನ ವೈದ್ಯರು ಪ್ರಕಟಿಸಿದರು. ಅವರ ರೋಗಿಗಳು ಹದಿನಾರೇ ಮಂದಿ; ಕೊಟ್ಟ ಪ್ರಮಾಣವೂ ಹೆಚ್ಚಿನದು. ಮೆಣಸಿನ ನಾಡಿನವರು ಸಾರಿಗೆ ಹಾಕುವ ಚಿಟಿಕೆಗೆ ಅಂಜಬೇಕಾಗಿಲ್ಲ. ಆದರೆ ಮಾತ್ರೆಯನ್ನೇ ಬಿಟ್ಟುಬಿಡುವುದು ಬೇರೆ ಮಾತು. ಸಿದ್ದಾಪುರ ತಾಲ್ಲೂಕಿನ ನಮ್ಮ ಬಂಧುವರ್ಗದ ಒಬ್ಬ ಅತ್ತೆಯವರು ಎರಡನೆಯ ವರ್ಷದಲ್ಲಿ ಅದನ್ನು ಬಿಟ್ಟು ಕಷಾಯವನ್ನೇ ನೆಚ್ಚಿದರು. ಅವರ ಹೆಸರು ಯಾವ ಪ್ರಶಸ್ತಿಯಲ್ಲಿಯೂ ಇಲ್ಲ.

ಹಾಗೆಂದು ಕಾಡಿನ ಮದ್ದನ್ನು ಹಳಿಯುವುದು ಚರಿತ್ರೆಗೆ ಸಮ್ಮತವಲ್ಲ. 1966ರಲ್ಲಿ ಅಮೆರಿಕದ ವಾಲ್ ಮತ್ತು ವಾಣಿ ಎಂಬವರು ಚೀನದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದೇ ದ್ರವ್ಯವು ನಮ್ಮ ಘಟ್ಟದ ದುರ್ವಾಸನೆಯ ಮರದಲ್ಲಿ ಉಂಟೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ರೋಗಿಗಳ ಮೇಲಿನ ಮೊದಲ ಪ್ರಯೋಗಗಳು ಮೂತ್ರಕೋಶಕ್ಕೆ ಹಾನಿಯಾದ ಕಾರಣ ನಿಂತುಹೋದವು. ಆ ಸೋಲು ಬರಹದಲ್ಲಿ ಉಳಿಯಿತು. ಮುಂದಿನವರು ಅದನ್ನೋದಿ ದ್ರವ್ಯವನ್ನು ಮಾರ್ಪಡಿಸಿದರು. 1996ರಲ್ಲಿ ಅದರಿಂದ ಹುಟ್ಟಿದ ಎರಡು ಔಷಧಗಳು ಅಮೆರಿಕದಲ್ಲಿ ಮಾನ್ಯವಾದವು. 2019ರಲ್ಲಿ ಮುಂದುವರಿದ ಸ್ತನಾರ್ಬುದದ ಒಂದು ಬಗೆಗೆ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಹೊತ್ತೊಯ್ಯುವುದೂ ಈ ದ್ರವ್ಯದ ಸಂತತಿಯನ್ನೇ.

ನಮ್ಮ ನಾಟಿವೈದ್ಯರಲ್ಲಿ ಕೆಲವರು ಮದ್ದು ಕೊಟ್ಟವರ ಹೆಸರು, ಊರುಗಳನ್ನು ಬರೆದಿಡುತ್ತಾರೆ. ಆ ಪುಸ್ತಕದಲ್ಲಿ ಶಸ್ತ್ರಚಿಕಿತ್ಸೆಯ ದಿನ, ಜೊತೆಗೆ ನುಂಗುತ್ತಿರುವ ಮಾತ್ರೆ, ಐದು ವರ್ಷದ ಬಳಿಕ ವಿಚಾರಿಸಿದಾಗ ಬಂದ ಉತ್ತರ, ಇವಿಷ್ಟಕ್ಕೆ ಮೂರು ಕಲಮುಗಳನ್ನು ಹೆಚ್ಚಿಗೆ ಗೆರೆಯೆಳೆಯಬಹುದು. ಅದರಿಂದಲೇ ಮದ್ದಿನ ಗುಣ ಸಿದ್ಧವಾಗದು. ಆದರೆ ಚೀಟಿಯೆತ್ತುವ ಪರೀಕ್ಷೆಗೆ ಯಾವ ಮದ್ದು ಯೋಗ್ಯವೆಂದು ಆರಿಸಲು ಆಧಾರವಾದೀತು. ತೀರಿಕೊಂಡವರ ಹೆಸರೂ ಆ ಪುಸ್ತಕದಲ್ಲಿ ಉಳಿದೀತು.