ದಾರಿ ತಪ್ಪಿದ್ದು ಎಲ್ಲಿ?

ಉರ್ದು ಗಝಲ್ ಓದಿ ಬೆಳೆದವರಿಗೆ ‘ಸಹರಾ’ ಎಂದೊಡನೆ ನೆನಪಾಗುವವನು ಮಜ್ನೂ. ಲೈಲಾಳ ಪ್ರೇಮದಲ್ಲಿ ಹುಚ್ಚನಾಗಿ ತಾನಾಗಿಯೇ ಮರಳುಗಾಡು ಸೇರಿದವನು. ಅಲ್ಲಿ ಅಲೆದಾಟಕ್ಕೂ ಒಂದು ಘನತೆ ಇದೆ. ಮಲಯಾಳಂ ಲೇಖಕ ಬೆನ್ಯಾಮಿನ್ ಅವರ ‘ಆಡುಜೀವಿತಂ’ (2008) ಕಾದಂಬರಿಯ ನಜೀಬ್‌ಗೆ ಆ ಭಾಗ್ಯವಿಲ್ಲ. ಹೊಳೆಯಲ್ಲಿ ಮುಳುಗಿ ಮರಳು ತೆಗೆಯುತ್ತಿದ್ದ ಈ ಕೂಲಿಕಾರ ವೀಸಾ ಪಡೆದು ಸೌದಿ ಅರೇಬಿಯಕ್ಕೆ ಹೋಗಿ, ಮರಳುಗಾಡಿನಲ್ಲಿ ಆಡು ಕಾಯುವ ಗುಲಾಮನಾಗುತ್ತಾನೆ. ನಡೆದ ಘಟನೆಯನ್ನು ಆಧರಿಸಿದ ಈ ಕೃತಿ 2024ರ ಮಾರ್ಚ್‌ನಲ್ಲಿ ಬ್ಲೆಸ್ಸಿ ನಿರ್ದೇಶನದ ಸಿನಿಮಾ ಆಗಿ, ಕನ್ನಡಕ್ಕೂ ಡಬ್ ಆಗಿ ತೆರೆಗೆ ಬಂತು.

ಸಿನಿಮಾದಲ್ಲಿ ಬಿಸಿಲೇ ಖಳನಾಯಕ. ತಪ್ಪಿಸಿಕೊಂಡು ಓಡಿದ ಮೂವರು ದಿಕ್ಕು ತಿಳಿಯದೆ ಅಲೆಯುತ್ತಾರೆ. ನೀರಿಲ್ಲದೆ ಹಕೀಂ ಸಾಯುತ್ತಾನೆ. ನೋಡುವವರ ಗಂಟಲೂ ಒಣಗುತ್ತದೆ. ಪೃಥ್ವಿರಾಜ್ ಪಾತ್ರಕ್ಕಾಗಿ ದೇಹದ ತೂಕ ಇಳಿಸಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಕಾದಂಬರಿಯ ನಜೀಬ್ ಆಡುಗಳಿಗೆ ತನ್ನ ಊರಿನವರ ಹೆಸರಿಟ್ಟು ಮಾತಾಡಿಸುತ್ತ ಮನುಷ್ಯನಾಗಿ ಉಳಿಯುತ್ತಾನಲ್ಲ, ಅದಕ್ಕೆ ತೆರೆಯ ಮೇಲೆ ಸಾಕಷ್ಟು ಜಾಗ ಸಿಕ್ಕಿಲ್ಲ. ಮೈಯ ದಾಹ ಕಂಡಷ್ಟು ಮಾತಿನ ದಾಹ ಕಾಣುವುದಿಲ್ಲ.

ಈ ಕಥೆಯ ನಿಜವಾದ ಆಘಾತ ಕೊನೆಯಲ್ಲಿದೆ. ಜೈಲಿಗೆ ಬಂದ ಅರ್ಬಾಬ್ ನಜೀಬ್‌ನನ್ನು ಗುರುತಿಸಿಯೂ ಬಿಟ್ಟುಹೋಗುತ್ತಾನೆ. ನಜೀಬ್ ಅವನ ವೀಸಾದಲ್ಲಿ ಬಂದವನೇ ಅಲ್ಲ! ವಿಮಾನ ನಿಲ್ದಾಣದಿಂದ ಬೇರೊಬ್ಬರ ಆಳನ್ನು ಎತ್ತಿಕೊಂಡು ಹೋಗಿದ್ದ. ಅಂದರೆ ನಜೀಬ್‌ಗೆ ದಾರಿ ತಪ್ಪಿದ್ದು ಮರಳಿಗೆ ಕಾಲಿಡುವ ಮೊದಲೇ. ಭಾಷೆ ಬಾರದವನ ಪಾಸ್‌ಪೋರ್ಟ್ ಪರರ ಕೈ ಸೇರಿದ ಆ ಗಳಿಗೆಯಲ್ಲೇ.

ನಮ್ಮ ಕೊಪ್ಪಳ ಜಿಲ್ಲೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಯಲಬುರ್ಗಾ, ಕುಷ್ಟಗಿಯ ಕುರಿಗಾಹಿಗಳೂ ಸುಡುವ ಬಿಸಿಲಿನಲ್ಲೇ ನಡೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ಗಂಗಾವತಿ ಕಡೆಯ ನೀರಾವರಿ ಗದ್ದೆಗಳಲ್ಲಿ ಕುರಿ ತರುಬುತ್ತಾರೆ. ಅವರಿಗೆ ರೈತನ ಹೆಸರು ಗೊತ್ತು, ಬಾವಿ ಗೊತ್ತು, ವಾಪಸು ಬರುವ ದಾರಿ ಗೊತ್ತು. ಬಿಸಿಲು ಅವರನ್ನು ದಣಿಸುತ್ತದೆ, ಕಳೆದುಹಾಕುವುದಿಲ್ಲ. ಆದರೆ ಇದೇ ತಾಲೂಕುಗಳಿಂದ ಮುಂಗಡ ಪಡೆದು ದೂರದ ನಗರಗಳಿಗೆ ಗುಳೆ ಹೋಗುವವರ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರುತ್ತದೆ? ಮರಳಿಲ್ಲದ ಕಡೆಯೂ ಮರಳುಗಾಡು ಹುಟ್ಟಬಹುದು.

ಅರಬರನ್ನು ಕೆಟ್ಟವರಾಗಿ ತೋರಿಸಲಾಗಿದೆ ಎಂಬ ಆಕ್ಷೇಪ ಈ ಕಥೆಗೆ ಬಂದಿದೆ. ಹೆದ್ದಾರಿಯಲ್ಲಿ ನಿತ್ರಾಣನಾಗಿ ನಿಂತ ನಜೀಬ್‌ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡವನೂ ಅರಬನೇ ಎಂಬುದನ್ನು ಮರೆಯಬಾರದು. ಸಫಾ–ಮರ್ವಾ ಬೆಟ್ಟಗಳ ನಡುವೆ ನೀರಿಗಾಗಿ ಓಡಿದ ತಾಯಿ ಹಾಜರಾರ ಹೆಜ್ಜೆಗಳಲ್ಲಿ ಹಾಜಿಗಳು ಇಂದಿಗೂ ನಡೆಯುತ್ತಾರೆ. ಆ ಬಾಯಾರಿಕೆಯನ್ನು ಆರಾಧನೆಯ ಭಾಗವಾಗಿ ಉಳಿಸಿಕೊಂಡ ಸಮುದಾಯ ನಜೀಬ್‌ನ ಬಾಯಾರಿಕೆಯನ್ನು ಅಪಪ್ರಚಾರವೆಂದು ತಳ್ಳಿಹಾಕಲಾಗದು.

ಸಿನಿಮಾ ನೋಡಿದವರು ಕಾದಂಬರಿಯನ್ನೂ ಓದಲಿ. ಊರು ಬಿಟ್ಟು ಹೊರಟವನಿಗೆ ನಾವು ಬುತ್ತಿ ಕಟ್ಟಿಕೊಡುತ್ತೇವೆ. ಅವನ ಕಾಗದಪತ್ರ ಯಾರ ಬಳಿ ಇರುತ್ತದೆ ಎಂಬುದನ್ನೂ ಕೇಳಿ ಕಳಿಸಬೇಕು.